ಅಂಚಿಗೆ ಹಾಕಿದ ಹನ್ನೆರಡು ಬಿಲ್ಲೆ

ಅಕ್ಟೋಬರ್ 11

ಅಮ್ಮನಿಗೆ,

ಕೋಟು ಬಂತು. ಪಾರ್ಸೆಲ್ ಬಿಚ್ಚಿದವಳೇ ಹಾಕಿಕೊಂಡು ನೋಡಿದೆ. ದೂರುಗಳನ್ನು ಮೊದಲು ಹೇಳಿಬಿಡುತ್ತೇನೆ. ಕಾಲರು ಚುಚ್ಚುತ್ತದೆ. ಕಾಜಾಗಳು ಎಷ್ಟು ಬಿಗಿ ಎಂದರೆ ಏಳು ಗುಂಡಿ ಹಾಕುವಷ್ಟರಲ್ಲಿ ಹೆಬ್ಬೆರಳು ಕೆಂಪಗಾಗುತ್ತದೆ. ಇನ್ನು ಅಂಚಿನ ವಿಷಯ. ಇಲ್ಲಿಯ ಗಾಳಿ ಬಟ್ಟೆಯನ್ನೆಲ್ಲ ಮೇಲಕ್ಕೆತ್ತುತ್ತದೆ ಎಂದು ನಾನೇ ಬರೆದಿದ್ದೆ, ಒಪ್ಪಿದೆ. ಕೋಟು ನೆಟ್ಟಗೆ ನಿಲ್ಲಲಿ ಎಂದು ನೀನು ಅಂಚಿನೊಳಗೆ ಸೀಸದ ಬಿಲ್ಲೆ ಇಟ್ಟು ಹೊಲಿಯುವುದೂ ಹೊಸದಲ್ಲ. ಆದರೆ ಗಿರಾಕಿಗಳಿಗೆಲ್ಲ ನಾಲ್ಕು, ನನಗೆ ಮಾತ್ರ ಹನ್ನೆರಡಾ? ನಡೆದರೆ ಮೊಣಕಾಲಿಗೆ ಟಪಟಪ ಬಡಿಯುತ್ತದೆ.

ಇದನ್ನು ನೋಡಿ ಬಿದ್ದು ಬಿದ್ದು ನಕ್ಕವಳು ರೇಡಿಯೋ. ನನ್ನ ಪಕ್ಕದ ಕೋಣೆಯವಳು, ಇದೇ ಊರಿನ ಹುಡುಗಿ. ಬೆಳಿಗ್ಗೆ ಶುರುವಾದರೆ ಮಲಗುವವರೆಗೆ ಬಾಯಿ ನಿಲ್ಲುವುದಿಲ್ಲ, ಅದಕ್ಕೇ ಆ ಹೆಸರು. ಅವಳ ಅಮ್ಮ ಲಾಂಡ್ರಿಯೊಂದರಲ್ಲಿ ಇಸ್ತ್ರಿ ಮಾಡುತ್ತಾರೆ. "ನಿಮ್ಮಮ್ಮ ಹೊಲಿಯೋದು, ನಮ್ಮಮ್ಮ ಇಸ್ತ್ರಿ ಹಾಕೋದು, ಇಬ್ರನ್ನೂ ಒಂದು ಕಡೆ ಸೇರಿಸಿದ್ರೆ ನಾವಿಬ್ರೂ ಓದೋದು ಬಿಟ್ಟು ಅಂಗಡಿ ಹಾಕಬಹುದು" ಎನ್ನುತ್ತಾಳೆ. ಇಸ್ತ್ರಿಯವರ ಮಗಳಾದರೂ ಈ ಚಳಿಗೆ ಒಂದು ತೆಳ್ಳನೆ ಜಾಕೆಟ್ ಹಾಕಿಕೊಂಡು ನಡುಗುತ್ತಾ ತಿರುಗುತ್ತಾಳೆ.

ಮುಂದಿನ ವಾರ ಮೂರು ದಿನ ಒಟ್ಟಿಗೆ ರಜೆ. ಮಣ್ಣಿನ ಪ್ರಯೋಗಾಲಯಕ್ಕೂ ಬೀಗ. ನಾವು ನಾಲ್ವರು ಒಂದು ಸರೋವರಕ್ಕೆ ಹೊರಟಿದ್ದೇವೆ. ನಾನು, ರೇಡಿಯೋ, ಕಾರು ಓಡಿಸಲು ನಮ್ಮ ಕ್ಲಾಸಿನ ಉದ್ದನೆಯ ಹುಡುಗ ಲಂಬು, ದಾರಿ ಹೇಳಲು ಅವನ ತಂಗಿ. ಓದಲೆಂದು ಈ ದೇಶಕ್ಕೆ ಬಂದ ಮೇಲೆ ಕಾಲೇಜು, ಕೋಣೆ, ತಕ್ಕಡಿ ಬಿಟ್ಟು ಬೇರೇನೂ ನೋಡಿಲ್ಲ. ಒದ್ದೆ ಮಣ್ಣು ತೂಗಿ, ಒಣಗಿಸಿ, ಮತ್ತೆ ತೂಗಿ ಸಾಕಾಗಿದೆ.

ದೂರುಗಳು ಸದ್ಯಕ್ಕೆ ಇಷ್ಟೇ,
ಸೂಜಿ


ಅಕ್ಟೋಬರ್ 25

ಸೂಜಿ,

ಕಾಲರು ಚುಚ್ಚಿದರೆ ಒಳಗೊಂದು ಕರವಸ್ತ್ರ ಸುತ್ತಿಕೋ. ಕಾಜಾ ಹೊಸದರಲ್ಲಿ ಬಿಗಿಯಾಗಿಯೇ ಇರಬೇಕು. ಮೊದಲ ದಿನವೇ ಸಲೀಸಾಗಿ ಹೋಗುವ ಕಾಜಾ ಎರಡನೇ ಚಳಿಗಾಲಕ್ಕೆ ಬಾಯಿ ಬಿಡುತ್ತದೆ. ಹನ್ನೆರಡು ಬಿಲ್ಲೆ ಯಾಕೆ ಎಂದು ಕೇಳಿದ್ದೀಯ. ಬಟ್ಟೆಯನ್ನೆಲ್ಲ ಎತ್ತುವ ಗಾಳಿ ಎಂದು ನೀನು ಬರೆದ ಸಾಲನ್ನು ನಾನು ನಾಲ್ಕು ಸಲ ಓದಿದೆ. ಹೊಲಿದು ಮುಗಿಸಿದ್ದ ಅಂಚನ್ನು ಬಿಚ್ಚಿದೆ. ಮೀನಿನ ಬಲೆ ಹೆಣೆಯುವವರ ಹತ್ತಿರ ಸೀಸದ ಗುಂಡು ತಂದು, ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿ, ಒಂದೊಂದಕ್ಕೂ ಬೇರೆ ಬೇರೆ ಜೇಬು ಹೊಲಿದು ಕೂರಿಸಿದೆ. ಎರಡು ದಿನದ ಕೆಲಸ. ನಿನ್ನ ಚಿಕ್ಕಮ್ಮ ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದವಳು ನೋಡಿ, "ಇದನ್ನ ಹಾಕ್ಕೊಂಡು ಅವಳು ಕಾಲೇಜಿಗೆ ಹೋಗ್ತಾಳೋ, ಲಂಗರು ಹಾಕ್ತಾಳೋ" ಎಂದಳು. ನಗಲಿ ಬಿಡು.

ಆ ರೇಡಿಯೋ ಹುಡುಗಿ ನಡುಗುತ್ತಾಳೆ ಎಂದು ಬರೆದಿದ್ದೀಯ. ನನಗೆ ಅದೇ ಮನಸ್ಸಿನಲ್ಲಿ ಉಳಿದಿದೆ. ಪ್ರವಾಸದಲ್ಲಿ ಅವಳಿಗೆ ಚಳಿಯಾದರೆ ಕೋಟು ಬಿಚ್ಚಿ ಕೊಡು. ನಿನಗೆ ಸ್ವೆಟರ್ ಇದೆ. ಕೊಡುವುದಾದರೆ ಕುತ್ತಿಗೆಯವರೆಗೆ ಗುಂಡಿ ಹಾಕಿ ಕೊಡು, ಅರ್ಧ ಗುಂಡಿ ಹಾಕಿದ ಕೋಟು ಕೋಟಲ್ಲ. ಇದು ನಿನ್ನ ಕೈ ಸೇರುವಾಗ ರಜೆ ಮುಗಿದು ಎಷ್ಟು ದಿನವಾಗಿರುತ್ತದೋ. ಆದರೂ ಹೇಳದೆ ಇರಲಾರೆ, ಅದು ನನ್ನ ಚಾಳಿ.

ಮೆಷಿನ್ ಕಾಯುತ್ತಿದೆ,
ಅಮ್ಮ


ನವೆಂಬರ್ 8

ಅಮ್ಮನಿಗೆ,

ನಿನ್ನ ಪತ್ರ ನಿನ್ನೆ ಸಿಕ್ಕಿತು. ಪ್ರವಾಸ ಚೆನ್ನಾಗಿತ್ತು. ಸರೋವರ ದೊಡ್ಡದು, ಆಚೆ ದಡ ಕಾಣುವುದಿಲ್ಲ. ಮರದ ಮನೆಯೊಂದರಲ್ಲಿ ಉಳಿದಿದ್ದೆವು. ನನಗೆ ಸ್ವಲ್ಪ ನೆಗಡಿಯಾಗಿತ್ತು, ಈಗ ಇಲ್ಲ. ಪಾಠಗಳು ಹೆಚ್ಚಾಗಿವೆ, ಪತ್ರ ತಡವಾದರೆ ಗಾಬರಿಯಾಗಬೇಡ.

ಕೋಟು ಬೆಚ್ಚಗಿದೆ.

ಸೂಜಿ


ನವೆಂಬರ್ 8

ಚಿಕ್ಕಮ್ಮ,

ಇದನ್ನು ಆಸ್ಪತ್ರೆಯ ವಿಳಾಸಕ್ಕೆ ಕಳಿಸುತ್ತಿದ್ದೇನೆ. ಮನೆಗೆ ತೆಗೆದುಕೊಂಡು ಹೋಗಬೇಡಿ. ಓದಿ ಹರಿದುಬಿಡಿ.

ರೇಡಿಯೋ ತೀರಿಕೊಂಡಳು. ಎರಡನೇ ದಿನ, ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ. ಒಳ್ಳೆಯ ಬಿಸಿಲಿತ್ತು. ಹುಟ್ಟು ಹಾಕುವ ಸಣ್ಣ ದೋಣಿಯಲ್ಲಿ ನಾನು, ಅವಳು ಇಬ್ಬರೇ ಹೋಗಿದ್ದೆವು. ಲಂಬು, ಅವನ ತಂಗಿ ದಡದಲ್ಲಿದ್ದರು. ಹತ್ತುವ ಮೊದಲು ಅವಳು ಚಳಿ ಎಂದಳು. ನಾನು ಕೋಟು ಬಿಚ್ಚಿ ಅವಳಿಗೆ ಹಾಕಿದೆ. ಅವಳ ಬೆರಳು ಮರಗಟ್ಟಿದ್ದವು, ಕಾಜಾ ಬಿಗಿ ಬೇರೆ. ಅದಕ್ಕೆ ಏಳು ಗುಂಡಿಯನ್ನೂ ನಾನೇ ಹಾಕಿದೆ, ಕುತ್ತಿಗೆಯವರೆಗೆ. ಅಮ್ಮ ಈಗ ಪತ್ರದಲ್ಲಿ ಹಾಗೇ ಮಾಡು ಎಂದು ಬರೆದಿದ್ದಾಳೆ. ಆ ಪತ್ರ ಬರುವ ಮೊದಲೇ ನಾನು ಮಾಡಿಯಾಗಿತ್ತು. ಅಮ್ಮ ಹೇಳದಿದ್ದರೂ ಅಮ್ಮ ಹೇಳಿದ ಹಾಗೆಯೇ ಮಾಡುವವಳು ನಾನು.

ದಡದಲ್ಲಿದ್ದವರನ್ನು ಅಣಕಿಸಲು ಅವಳು ಎದ್ದು ನಿಂತಳು. ದೋಣಿ ಮಗುಚಿತು. ನಾನು ಸ್ವೆಟರ್‌ನಲ್ಲಿದ್ದೆ, ಮೇಲೆ ಬಂದೆ, ದೋಣಿಯ ಅಂಚು ಸಿಕ್ಕಿತು. ಅವಳು ಒಂದು ಸಲ ಬಂದಳು. ನಾನು ಕೈ ಚಾಚಿದೆ, ಕಾಲರು ಬೆರಳಿಗೆ ತಗುಲಿತು. ಹಿಡಿಯಲು ಆಗಲಿಲ್ಲ. ಆಮೇಲೆ ಅವಳು ಬರಲಿಲ್ಲ. ಅವಳಿಗೆ ನನಗಿಂತ ಚೆನ್ನಾಗಿ ಈಜು ಬರುತ್ತಿತ್ತು ಚಿಕ್ಕಮ್ಮ.

ಪೊಲೀಸರು ನನ್ನನ್ನು ಹೆಚ್ಚು ಕೇಳಲಿಲ್ಲ. ತಣ್ಣೀರು, ಅವಘಡ ಎಂದು ಬರೆದುಕೊಂಡರು. ಅವಳ ಮೈಮೇಲಿದ್ದ ಬಟ್ಟೆಗಳನ್ನೆಲ್ಲ ಅವಳ ಅಮ್ಮನಿಗೆ ಕೊಟ್ಟರು, ಕೋಟನ್ನೂ. ಅದು ನನ್ನದು ಎಂದು ನಾನು ಹೇಳಲಿಲ್ಲ. ಹೇಳಿದರೆ ಅಂಚಿನಲ್ಲಿ ಏನಿದೆ ಎಂದೂ ಹೇಳಬೇಕಿತ್ತು.

ನೀವು ನರ್ಸ್. ಒಂದು ಮಾತು ಕೇಳುತ್ತೇನೆ. ಹನ್ನೆರಡು ಬಿಲ್ಲೆಯಿಂದ ಒಬ್ಬಳು ಮುಳುಗಬಹುದೇ? ಅಮ್ಮನಿಗೆ ಮಾತ್ರ ಹೇಳಬೇಡಿ. ಗೊತ್ತಾದರೆ ಅವಳು ಇನ್ನು ಸೂಜಿ ಮುಟ್ಟುವುದಿಲ್ಲ.

ನಿಮ್ಮ ಅಕ್ಕನ ಮಗಳು


ನವೆಂಬರ್ 22

ಮಗೂ,

ಹರಿದು ಹಾಕಿಲ್ಲ. ನನ್ನ ಡ್ಯೂಟಿ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಟ್ಟಿದ್ದೇನೆ.

ಕೇಳಿದ್ದಕ್ಕೆ ಉತ್ತರ. ಅಷ್ಟು ತಣ್ಣನೆಯ ನೀರಿಗೆ ಬಿದ್ದವರಿಗೆ ಮೊದಲ ನಿಮಿಷವೇ ಉಸಿರು ಕಟ್ಟುತ್ತದೆ, ಕೈಕಾಲು ಹೇಳಿದ ಮಾತು ಕೇಳುವುದಿಲ್ಲ. ಈಜು ಬರುವವರೂ ಹೋಗುತ್ತಾರೆ. ಕೋಟು ಇಲ್ಲದೆಯೂ ಹೋಗುತ್ತಿದ್ದಳೇ? ಗೊತ್ತಿಲ್ಲ. ಬಿಲ್ಲೆಯಿಂದ ಏನೂ ಆಗಿಲ್ಲ ಎಂದು ಬರೆದರೆ ನಿನಗೆ ಇವತ್ತು ನಿದ್ದೆ ಬರುತ್ತದೆ. ಆದರೆ ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ರೋಗಿಗಳ ಮನೆಯವರಿಗೂ ನಾನು ಹೇಳಿದವಳಲ್ಲ.

ಅಂಚಿನ ಬಗ್ಗೆ ನಾನೂ ಒಂದು ತಮಾಷೆ ಮಾಡಿದ್ದೆ. ಅದು ನಿನಗೂ ಪತ್ರದಲ್ಲಿ ಬಂದಿರಬೇಕು. ಆ ಮಾತನ್ನು ಈಗ ಹಿಂದಕ್ಕೆ ತೆಗೆದುಕೊಳ್ಳಲಾರೆ.

ನಿಮ್ಮಮ್ಮನಿಗೆ ನಾನು ಹೇಳುವುದಿಲ್ಲ. ನೀನು ಹೇಳಬೇಕು. ಮೊನ್ನೆ ಅವಳು ಆ ಹುಡುಗಿಗೆಂದು ಕೈಗವಸು ಹೆಣೆಯಲು ಕೂತಳು. ನಾನು ಎದ್ದು ಹೊರಗೆ ಹೋದೆ.

ಮೊದಲು ಹೊತ್ತಿಗೆ ಸರಿಯಾಗಿ ಉಣ್ಣು,
ಚಿಕ್ಕಮ್ಮ


ಜನವರಿ 12

ಸೂಜಿ,

ಎರಡು ತಿಂಗಳಲ್ಲಿ ಎರಡು ಪತ್ರ, ಎರಡೂ ಸೇರಿದರೆ ಅಂಗೈಯಗಲ. ಪಾಠ ಹೆಚ್ಚು ಎಂದೆ, ಇರಲಿ. ಕೈಗವಸು ತಲುಪಿತೋ ಇಲ್ಲವೋ ಬರೆಯಲಿಲ್ಲ. ರೇಡಿಯೋಗೆ ಹಿಡಿಸಿತೇ?

ಒಂದು ಕೆಲಸವಿದೆ. ವಕೀಲರ ಮಗಳು ಓದಲು ಹೊರಟಿದ್ದಾಳೆ, ಅವಳಿಗೂ ನಿನ್ನಂಥದೇ ಕೋಟು ಬೇಕಂತೆ. ನಿನ್ನದನ್ನು ನಾನು ಕಾಗದದ ಅಚ್ಚಿಲ್ಲದೆ ಸೀದಾ ಬಟ್ಟೆಯ ಮೇಲೆ ಗುರುತು ಹಾಕಿ ಕತ್ತರಿಸಿದ್ದೆ. ಭುಜ ಅಷ್ಟು ಚೆನ್ನಾಗಿ ಕೂತದ್ದು ನನಗೇ ಆಶ್ಚರ್ಯ. ಕೋಟನ್ನು ಮೇಜಿನ ಮೇಲೆ ಹರಡಿ ಭುಜ, ಎದೆ, ಸೊಂಟ, ತೋಳು, ಉದ್ದ, ಇಷ್ಟರ ಅಳತೆ ತೆಗೆದು ಕಳಿಸು. ಟೇಪು ಪೆಟ್ಟಿಗೆಯ ಎಡಮೂಲೆಯಲ್ಲಿ ಇಟ್ಟಿದ್ದೇನೆ.

ಕತ್ತರಿ ಕೈಯಲ್ಲಿ ಹಿಡಿದೇ ಬರೆದೆ,
ಅಮ್ಮ


ಜನವರಿ 29

ಅಮ್ಮನಿಗೆ,

ಅಳತೆ: ಭುಜ ಹದಿನಾಲ್ಕು, ಎದೆ ಮೂವತ್ತು, ಸೊಂಟ ಇಪ್ಪತ್ತೈದು, ತೋಳು ಇಪ್ಪತ್ತೆರಡು, ಉದ್ದ ನಲವತ್ತೆರಡು.

ಕೈಗವಸು ಬಂತು. ಚೆನ್ನಾಗಿದೆ.

ಸೂಜಿ


ಫೆಬ್ರವರಿ 13

ಮಗಳೇ,

ನೀನು ಕಳಿಸಿದ್ದು ಕೋಟಿನ ಅಳತೆಯಲ್ಲ, ಮೈಯ ಅಳತೆ.

ಆ ಕೋಟಿಗೆ ಎದೆ ಮೂವತ್ತೆಂಟು ಇಟ್ಟಿದ್ದೆ. ಒಳಗೆ ಸ್ವೆಟರ್ ಹಿಡಿಯಬೇಕು, ಉಸಿರು ಹಿಡಿಯಬೇಕು. ಮೂವತ್ತು ಇಂಚಿನ ಕೋಟನ್ನು ನಿನಗೆ ಹಾಕಲೂ ಆಗದು, ಹಾಕಿದರೆ ಬಿಚ್ಚಲೂ ಆಗದು. ಹೊಲಿಯುವವಳ ಮಗಳು, ಐದು ವರ್ಷದವಳಿದ್ದಾಗಿನಿಂದ ಟೇಪಿನ ತುದಿ ಹಿಡಿದವಳು, ಸಡಿಲ ಬಿಡಬೇಕು ಎಂಬುದನ್ನೇ ಮರೆತಿದ್ದಾಳೆ ಎಂದರೆ ಅವಳ ಎದುರಿಗೆ ಮೇಜಿನ ಮೇಲೆ ಕೋಟು ಇರಲಿಲ್ಲ. ಟೇಪನ್ನು ತನಗೇ ಸುತ್ತಿಕೊಂಡಿದ್ದಾಳೆ.

ಕೋಟು ಹೋದರೆ ಹೋಗಲಿ. ಕಳೆದುಕೊಂಡೆಯೋ, ಯಾರಿಗೋ ಕೊಟ್ಟೆಯೋ, ಅದಕ್ಕೆ ನಾನು ಬೈಯುವುದಿಲ್ಲ. ಆಮೇಲೆ ಅಳತೆ ಪುಸ್ತಕ ತೆಗೆದೆ. ಜುಲೈಯಲ್ಲಿ ನೀನು ಹೊರಡುವ ಮೊದಲು ಬರೆದದ್ದು ಎದೆ ಮೂವತ್ತೆರಡು, ಸೊಂಟ ಇಪ್ಪತ್ತೇಳು. ಎರಡೆರಡು ಇಂಚು ಇಳಿದಿದ್ದೀಯ. ಆ ದಿನ ಮೆಷಿನ್ ಮುಚ್ಚಿದೆ.

ಇನ್ನೂ ಒಂದಿದೆ. ನವೆಂಬರಿನಿಂದ ಈಚೆಗೆ ನಿನ್ನ ಪತ್ರಗಳಲ್ಲಿ ಒಂದು ದೂರೂ ಇಲ್ಲ. ರೇಡಿಯೋ ಎಂಬ ಹೆಸರೂ ಇಲ್ಲ. ನಿನ್ನ ಚಿಕ್ಕಮ್ಮನನ್ನು ಕೇಳಿದೆ. ಅವಳು, "ನನ್ನ ಕೇಳಬೇಡ, ಅವಳನ್ನೇ ಕೇಳು" ಎಂದು ಹೇಳಿ ಅತ್ತಳು. ಅವಳು ಅತ್ತದ್ದನ್ನು ನಾನು ಎಷ್ಟೋ ವರ್ಷದಿಂದ ನೋಡಿರಲಿಲ್ಲ.

ಏನಾಯಿತು? ಪೂರ್ತಿ ಬರೆ. ನನಗೆ ತಡೆದುಕೊಳ್ಳಲು ಆಗುತ್ತದೋ ಇಲ್ಲವೋ ಎಂದು ನೀನು ಅಳೆಯಬೇಡ. ಅಳೆಯುವುದು ನನ್ನ ಕೆಲಸ.

ದಾರಿ ನೋಡುತ್ತಿರುವ
ಅಮ್ಮ


ಮಾರ್ಚ್ 24

ಮಗಳೇ,

ನಿನ್ನ ಹನ್ನೊಂದು ಪುಟಗಳು ಬಂದು ಹದಿನೈದು ದಿನವಾಯಿತು. ತಕ್ಷಣ ಉತ್ತರ ಬರೆಯಲಿಲ್ಲ ಎಂದು ನೀನು ಏನೇನು ಅಂದುಕೊಂಡೆಯೋ. ಸಿಟ್ಟಲ್ಲ. ಮೊದಲ ಎರಡು ದಿನ ಎದ್ದು ಕೂರಲು ಆಗಲಿಲ್ಲ, ಅದು ನಿಜ. ಮೂರನೆಯ ದಿನ ಎದ್ದೆ.

ನೀನು ದಿನವೂ ಒದ್ದೆ ಮಣ್ಣು, ಒಣ ಮಣ್ಣು ತೂಗುವವಳು. ಈ ಪರೀಕ್ಷೆಯನ್ನು ನೀನೇ ಮಾಡಬಹುದಿತ್ತು. ಧೈರ್ಯ ಬಂದಿರಲಿಕ್ಕಿಲ್ಲ. ಅದಕ್ಕೆ ನಾನು ಮಾಡಿದೆ. ಅದೇ ಬಟ್ಟೆ ಉಳಿದಿತ್ತು. ನೆನಪಿದ್ದಷ್ಟು ಅದೇ ಅಳತೆಯಲ್ಲಿ ಇನ್ನೊಂದು ಕೋಟು ಹೊಲಿದೆ, ಏಳು ಗುಂಡಿ, ಅದೇ ಬಿಗಿ ಕಾಜಾ. ಹಿತ್ತಲಿನ ಒಗೆಯುವ ತೊಟ್ಟಿಗೆ ಕಂಠದವರೆಗೆ ನೀರು ತುಂಬಿಸಿ, ಗುಂಡಿ ಹಾಕಿದ ಕೋಟನ್ನು ಮೇಲೆ ಬಿಟ್ಟೆ. ನಿನ್ನ ಚಿಕ್ಕಮ್ಮ ನಾಡಿ ಎಣಿಸುವ ಗಡಿಯಾರ ಹಿಡಿದು ಪಕ್ಕದಲ್ಲಿ ನಿಂತಳು. ಬಿಲ್ಲೆ ಇಲ್ಲದ ಕೋಟು ಅಂಚು ಹರಡಿಕೊಂಡು ಅಗಲವಾಗಿ ತೇಲಿತು. ಕಾಲರಿನ ಮೇಲೆ ನೀರು ಬರುವಷ್ಟರಲ್ಲಿ ನಲವತ್ತೊಂದು ಸೆಕೆಂಡು. ಒಣಗಿಸಿ, ಹನ್ನೆರಡು ಬಿಲ್ಲೆ ಹಾಕಿ ಹೊಲಿದು ಮತ್ತೆ ಬಿಟ್ಟೆ. ಹದಿಮೂರು ಸೆಕೆಂಡು. ನೆಟ್ಟಗೆ ಇಳಿಯಿತು. ಎರಡೆರಡು ಸಲ ಮಾಡಿದೆ. ಒಂದೊಂದು ಸಲಕ್ಕೂ ಕೋಟು ಒಣಗಲು ಎರಡೆರಡು ದಿನ ಬೇಕಾಯಿತು, ಅದಕ್ಕೇ ತಡ.

ತೊಟ್ಟಿ ಸರೋವರವಲ್ಲ. ಕೋಟಿನೊಳಗೆ ಮನುಷ್ಯರಿರಲಿಲ್ಲ. ಇಪ್ಪತ್ತೆಂಟು ಸೆಕೆಂಡಿನಲ್ಲಿ ನೀನು ಅವಳ ಕಾಲರು ಹಿಡಿಯುತ್ತಿದ್ದೆಯೋ ಇಲ್ಲವೋ, ದಡದಿಂದ ಯಾರಾದರೂ ಬರುತ್ತಿದ್ದರೋ ಇಲ್ಲವೋ, ಯಾರೂ ಹೇಳಲಾರರು. ಆದರೆ ಇಪ್ಪತ್ತೆಂಟು ಎಂಬುದು ಇದೆ. ಅದು ಇಲ್ಲ ಎಂದು ನಿನಗೆ ಸಮಾಧಾನ ಹೇಳಲು ನಾನು ತಯಾರಿಲ್ಲ. ನಾಲ್ಕು ಹಾಕುವ ಕಡೆ ಹನ್ನೆರಡು ಹಾಕಿದವಳು ನಾನು. ಕೆಲಸ ತಪ್ಪಿದ್ದು ನನ್ನ ಕೈಯಲ್ಲಿ.

ನೀನು ಮಾಡಿದ್ದು ನಡುಗುತ್ತಿದ್ದವಳಿಗೆ ನಿನ್ನ ಮೈಮೇಲಿನ ಕೋಟು ಬಿಚ್ಚಿ ಕೊಟ್ಟದ್ದು. ಅಷ್ಟೇ. ಆ ಇಪ್ಪತ್ತೆಂಟು ನನ್ನದು. ಐದು ತಿಂಗಳಿಂದ ಅದನ್ನು ನೀನು ಹೊತ್ತಿದ್ದೀಯ, ಎರಡು ಇಂಚು ಕರಗಿದ್ದೀಯ. ಇತ್ತ ಕೊಡು.

ನಿನ್ನ ತಪ್ಪು ಒಂದಿದೆ, ಅದನ್ನೂ ಹೇಳುತ್ತೇನೆ. ಅವಳ ಅಮ್ಮನ ಹತ್ತಿರ ಬಾಯಿ ಮುಚ್ಚಿಕೊಂಡಿದ್ದು. ಜೊತೆಗೆ ಒಂದು ಹಾಳೆ ಇಟ್ಟಿದ್ದೇನೆ. ಅವರ ಭಾಷೆಗೆ ಮಾಡಿಕೊಂಡು ಹೋಗಿ ಓದಿ ಹೇಳು. ಒಂದು ಮಾತನ್ನೂ ಮೆತ್ತಗೆ ಮಾಡಬೇಡ.

ಸೂಜಿ ಬಿಟ್ಟಿಲ್ಲ, ಬಿಡುವುದೂ ಇಲ್ಲ,
ಅಮ್ಮ


(ಜೊತೆಗಿಟ್ಟ ಹಾಳೆ)

ಮಾರ್ಚ್ 24

ಆ ಹುಡುಗಿಯ ಅಮ್ಮನಿಗೆ,

ನೀವು ನನ್ನನ್ನು ಕಂಡಿಲ್ಲ. ನಾನು ಬಟ್ಟೆ ಹೊಲಿಯುವವಳು. ನಿಮ್ಮ ಮಗಳ ಮೈಮೇಲಿದ್ದ ಕೋಟು ನಾನು ನನ್ನ ಮಗಳಿಗೆ ಹೊಲಿದದ್ದು. ನಿಮ್ಮ ಮಗಳಿಗೆ ಚಳಿಯೆಂದು ಇವಳು ಕೊಟ್ಟಳು. ಗಾಳಿಗೆ ಹಾರಬಾರದೆಂದು ಅದರ ಅಂಚಿನಲ್ಲಿ ನಾನು ಸೀಸದ ಹನ್ನೆರಡು ಬಿಲ್ಲೆ ಹಾಕಿದ್ದೆ. ನಾಲ್ಕು ಸಾಕಿತ್ತು. ನೀರಿನಲ್ಲಿ ಅವು ನಿಮ್ಮ ಮಗಳನ್ನು ಕೆಳಗೆ ಎಳೆದಿರಬಹುದು. ತೊಟ್ಟಿಯಲ್ಲಿ ಬಿಟ್ಟು ನೋಡಿದ್ದೇನೆ, ಎಳೆಯುತ್ತವೆ. ನಿಮ್ಮೂರಿನ ಗಾಳಿಯನ್ನು ನೆನೆದೆ, ನೀರನ್ನು ನೆನೆಯಲಿಲ್ಲ. ಈ ಮಾತು ನಿಮಗೆ ಅಕ್ಟೋಬರಿನಲ್ಲೇ ತಿಳಿಯಬೇಕಿತ್ತು. ನನ್ನನ್ನು ಏನು ಬೇಕಾದರೂ ಅನ್ನಿ. ನನ್ನ ಮಗಳನ್ನು ಅನ್ನಬೇಡಿ.

ಕೋಟು ಹೊಲಿದವಳು


ಏಪ್ರಿಲ್ 9

ಅಮ್ಮ,

ಓದಿ ಹೇಳಿದೆ. ಒಂದು ಮಾತನ್ನೂ ಮೆತ್ತಗೆ ಮಾಡಲಿಲ್ಲ.

ಮಧ್ಯಾಹ್ನ ಅವರ ಊಟದ ಹೊತ್ತಿಗೆ ಹೋದೆ. ಲಾಂಡ್ರಿಯ ಹಿಂದೆ ಉದ್ದನೆಯ ಕೋಣೆ, ಗೋಡೆಯುದ್ದಕ್ಕೂ ಬೇರೆಯವರ ಅಂಗಿಗಳು ನೇತಾಡುತ್ತಿರುತ್ತವೆ. ನನ್ನನ್ನು ನೋಡಿ ಅವರು ಸ್ಟೂಲು ತೋರಿಸಿದರು. ನಾನು ಕೂರದೆ ನಿಂತೇ ಓದಿದೆ. ತೊಟ್ಟಿಯ ಸಾಲು ಬಂದಾಗ ನನ್ನ ಸ್ವರ ನಿಂತಿತು. ಅವರು ಇಸ್ತ್ರಿಯನ್ನು ನೆಟ್ಟಗೆ ನಿಲ್ಲಿಸಿ ಪ್ಲಗ್ ಕಿತ್ತರು. "ನಿಧಾನ ಓದು. ನಂಗೆ ಆತುರ ಇಲ್ಲ" ಎಂದರು. ಪೂರ್ತಿ ಓದಿದೆ.

ಅವರು ಕಪಾಟಿನಿಂದ ಒಂದು ತಗಡಿನ ಡಬ್ಬಿ ತಂದು ಇಸ್ತ್ರಿ ಮೇಜಿನ ಮೇಲೆ ಸುರಿದರು. ನಿನ್ನ ಬಿಲ್ಲೆಗಳು ಅಮ್ಮ. ಸುತ್ತಿಗೆಯ ಗುರುತು ಹಾಗೇ ಇದೆ.

"ಹನ್ನೆರಡಿವೆ, ನಾನೂ ಎಣಿಸಿದ್ದೀನಿ" ಎಂದರು. "ಅವಳ ಬಟ್ಟೆಯೆಲ್ಲ ಇಷ್ಟು ವರ್ಷ ನಾನೇ ಇಸ್ತ್ರಿ ಮಾಡಿದ್ದು. ಇದು ಅವಳದ್ದಲ್ಲ ಅಂತ ಆವತ್ತೇ ಗೊತ್ತಿತ್ತು. ಒಣಗಿಸಿ ಇಸ್ತ್ರಿಗೆ ಹಾಕಿದೆ. ಅಂಚಲ್ಲಿ ಏನೋ ಗಟ್ಟಿ ತಗುಲ್ತು. ಬಿಚ್ಚಿ ನೋಡಿದೆ. ಯಾರ ಕೋಟು ಇದು, ಯಾಕೆ ಹೀಗೆ ಅಂತ ಯಾರಾದ್ರೂ ಬಂದು ಹೇಳ್ತಾರೆ ಅಂತ ದಿನಾ ಬಾಗಿಲು ನೋಡ್ತಿದ್ದೆ. ಐದು ತಿಂಗಳಾಯ್ತು."

ಆಮೇಲೆ ಅವರೇ ಕೇಳಿದರು.

"ಗುಂಡಿ ಹಾಕಿದ್ದು ಅವಳೇನಾ?"

"ಇಲ್ಲ, ನಾನು."

"ಎಲ್ಲಿವರೆಗೆ?"

"ಕುತ್ತಿಗೆವರೆಗೆ. ಏಳೂ."

ಅವರು ಬಿಲ್ಲೆಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿ ಮುಚ್ಚಳ ಹಾಕಿದರು. "ಹಾಗಾದ್ರೆ ದೋಣಿಯಲ್ಲಿ ಅವಳಿಗೆ ಚಳಿ ಆಗ್ತಿರ್ಲಿಲ್ಲ" ಎಂದರು. "ನಾನು ಅದೇ ಯೋಚನೆ ಮಾಡ್ತಿದ್ದೆ. ಚಳಿಯಲ್ಲಿ ನಡುಗ್ತಾನೇ ಹೋದ್ಲೇನೋ ಅಂತ."

ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಊಟದ ಡಬ್ಬಿ ಬಿಚ್ಚಿ ಅರ್ಧ ನನ್ನ ಕಡೆ ತಳ್ಳಿದರು. ಉಂಡೆ.

ಕೋಟನ್ನು ಇಸ್ತ್ರಿ ಮಾಡಿ ಕೊಟ್ಟಿದ್ದಾರೆ, ಈ ಪತ್ರದ ಜೊತೆಗೇ ಪಾರ್ಸೆಲ್ ಬರುತ್ತದೆ. ಬಿಲ್ಲೆಗಳನ್ನು ಕೊಡಲಿಲ್ಲ, ಅವು ಅವರ ಹತ್ತಿರವೇ ಇರುತ್ತವಂತೆ. ಅಂಚು ಬಿಚ್ಚಿಯೇ ಇದೆ. ಅವರಿಗೆ ಹೊಲಿಯಲು ಬರುವುದಿಲ್ಲ. ನಿನ್ನ ಕೈಯಲ್ಲಿ ಹೊಲಿಸಿ ಅವರಿಗೇ ವಾಪಸ್ಸು ಕಳಿಸಬೇಕಂತೆ, ಮುಂದಿನ ಚಳಿಗಾಲಕ್ಕೆ ಹಾಕಿಕೊಳ್ಳುತ್ತಾರಂತೆ. ಅವರ ಅಳತೆ ತೆಗೆದುಕೊಂಡು ಬಂದೆ. ಎದೆ ಮೂವತ್ತಾರು. ಇದು ಮೈಯ ಅಳತೆ, ಕೋಟಿನದಲ್ಲ.

ಕಾಲರು ಅವರಿಗೂ ಚುಚ್ಚುತ್ತದಂತೆ. ಸರಿಮಾಡು.

ನಿನ್ನ
ಸೂಜಿ